ಸಂಬಳವೋ ಕಲೆಯೋ: ನಷ್ಟದ ಹೊಣೆ ಹೊರುವವರಾರು?

ನಮ್ಮ ಸಮಾಜದ ವಧು-ವರ ಸಮಾವೇಶಗಳಲ್ಲಿ ಹಂಚುವ ಪರಿಚಯ ಪುಸ್ತಿಕೆಗಳಲ್ಲಿ ವಿದ್ಯಾರ್ಹತೆಯ ಪಕ್ಕದಲ್ಲಿಯೇ ವಾರ್ಷಿಕ ಆದಾಯದ ಕಾಲಂ ಇರುತ್ತದೆ. ಅಲ್ಲಿ ಒಂದು ಕಂಪನಿಯ ಹೆಸರನ್ನೂ ಎರಡಂಕಿಯ ಲಕ್ಷಗಳನ್ನೂ ಬರೆಯಬಲ್ಲವರಿಗೆ ಮಧ್ಯಾಹ್ನದ ಊಟದೊಳಗೆ ನಾಲ್ಕು ವಿಚಾರಣೆಗಳು ಬರುತ್ತವೆ. 'ಚಲನಚಿತ್ರ ಸಂಕಲನ', 'ರಂಗಭೂಮಿ', 'ಸ್ವತಂತ್ರ ಲೇಖನ' ಎಂದು ಬರೆದವರ ಪುಟವನ್ನು ಹಿರಿಯರು ಮಗುಚಿ ಮುಂದೆ ಹೋಗುತ್ತಾರೆ. ಅವರನ್ನು ದೂಷಿಸುವುದು ಸುಲಭ. ಆದರೆ ಆ ಹಿರಿಯರ ಭಯಕ್ಕೆ ಕಾರಣವಿದೆ. ಆ ಕಾರಣವನ್ನು ಪರಿಶೀಲಿಸದೆ ಯುವಕರಿಗೆ 'ಮನಸ್ಸಿನ ಕರೆಯನ್ನು ಅನುಸರಿಸಿ' ಎಂದು ಉಪದೇಶಿಸುವುದು ಹೊಣೆಗೇಡಿತನವಾದೀತು.

ನಾನು ಪುಣೆಯ ಕೋಥರೂಡದಲ್ಲಿ ಲೆಕ್ಕಪರಿಶೋಧಕನಾಗಿ ವೃತ್ತಿ ನಡೆಸುತ್ತಿದ್ದೇನೆ. ನನ್ನ ಕಕ್ಷಿದಾರರಲ್ಲಿ ಅನೇಕರು ಅಥಣಿ, ಚಿಕ್ಕೋಡಿ, ಸಾಂಗಲಿ, ಕೊಲ್ಹಾಪುರಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು. ಮೊದಲ ತಲೆಮಾರಿನವರು ಬ್ಯಾಂಕು, ಕಾರ್ಖಾನೆ, ಸಣ್ಣ ವ್ಯಾಪಾರಗಳಲ್ಲಿ ದುಡಿದು ಎರಡು ಕೋಣೆಗಳ ಫ್ಲ್ಯಾಟು ಮಾಡಿಕೊಂಡರು. ಎರಡನೆಯ ತಲೆಮಾರಿನವರು ಹಿಂಜವಡಿಯ ಐಟಿ ಕಂಪನಿಗಳಿಗೆ ಹೋಗುತ್ತಾರೆ. ಜುಲೈ ತಿಂಗಳಲ್ಲಿ ರಿಟರ್ನ್ ಸಲ್ಲಿಸುವ ಕಾಗದಗಳೊಡನೆ ಈಚೆಗೆ ಒಂದು ಪ್ರಶ್ನೆಯೂ ಬರುತ್ತಿದೆ. ಮಗನು ಕೆಲಸ ಬಿಟ್ಟು ನಾಟಕ ಬರೆಯುತ್ತೇನೆ ಎನ್ನುತ್ತಾನೆ, ಮಗಳು ಚಿತ್ರ ಸಂಕಲನ ಕಲಿಯಲು ಅರ್ಜಿ ಹಾಕಿದ್ದಾಳೆ. 'ಸಾಹೇಬರೇ, ನೀವಾದರೂ ಒಂದು ಮಾತು ಹೇಳಿ' ಎಂಬುದು ತಂದೆಯ ಬೇಡಿಕೆ. ಆ ಮಾತು ಏನಿರಬೇಕೆಂದು ತಂದೆ ಮೊದಲೇ ನಿರ್ಧರಿಸಿರುತ್ತಾರೆ ಎಂಬುದು ಬೇರೆ ಸಂಗತಿ.

ಈ ಪ್ರಶ್ನೆಯನ್ನು ನಾವು ಬಹುಮಟ್ಟಿಗೆ ಧೈರ್ಯದ ಪ್ರಶ್ನೆಯಾಗಿ ಕಾಣುತ್ತೇವೆ. ಬಿಟ್ಟವನು ಧೀರ, ಉಳಿದವನು ಅಂಜುಬುರುಕ. ಇಲ್ಲವೇ ಬಿಟ್ಟವನು ಬೇಜವಾಬ್ದಾರಿ, ಉಳಿದವನು ವಿವೇಕಿ. ನನ್ನ ವೃತ್ತಿ ನನಗೆ ಕಲಿಸಿದ ಪ್ರಶ್ನೆ ಬೇರೆ. ಯಾವುದೇ ಉದ್ಯಮದ ಕಾಗದಪತ್ರ ಕೈಗೆ ಬಂದಾಗ ನಾವು ಮೊದಲು ನೋಡುವುದು, ನಷ್ಟವಾದರೆ ಅದು ಯಾರ ಖಾತೆಗೆ ಬೀಳುತ್ತದೆ ಎಂಬುದನ್ನು. ಕಲೆಯ ಬದುಕಿಗೂ ಈ ಪ್ರಶ್ನೆಯನ್ನು ಹಾಕಿ ನೋಡಿದರೆ, ನಾವು ವೈಯಕ್ತಿಕ ಸಾಹಸವೆಂದು ಕೊಂಡಾಡುವ ಹಲವು ಜೀವನಗಳ ಹಿಂದೆ ನಷ್ಟವನ್ನು ಹೊರಲು ಸಿದ್ಧವಾಗಿದ್ದ ಒಂದು ವ್ಯವಸ್ಥೆ ಕಾಣಿಸುತ್ತದೆ. ಅದಕ್ಕೆ ಪುಣೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

1972ರ ಡಿಸೆಂಬರಿನಲ್ಲಿ ಈ ನಗರದ ಪ್ರೋಗ್ರೆಸಿವ್ ಡ್ರಾಮಾಟಿಕ್ ಅಸೋಸಿಯೇಷನ್ ವಿಜಯ್ ತೆಂಡೂಲ್ಕರರ 'ಘಾಶೀರಾಮ್ ಕೋತ್ವಾಲ್' ನಾಟಕವನ್ನು ರಂಗಕ್ಕೆ ತಂದಿತು. ನಿರ್ದೇಶಕರಾದ ಜಬ್ಬಾರ್ ಪಟೇಲರು ಮಕ್ಕಳ ವೈದ್ಯರು. ದೌಂಡಿನಲ್ಲಿ ಅವರ ಆಸ್ಪತ್ರೆಯಿತ್ತು. ನಾನಾ ಫಡಣವೀಸನ ಪಾತ್ರ ವಹಿಸಿದ ಮೋಹನ್ ಆಗಾಶೆಯವರು ಮನೋವೈದ್ಯರು, ಬಿ.ಜೆ. ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಸೂನ್ ಆಸ್ಪತ್ರೆಯಲ್ಲಿ ಅವರು ಸೇವೆ ಸಲ್ಲಿಸಿದರು. ಅದೇ ಬಳಗದ ಸತೀಶ್ ಆಳೇಕರರು ಅದೇ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಕೆಲಸದಲ್ಲಿದ್ದುಕೊಂಡೇ 1974ರಲ್ಲಿ 'ಮಹಾನಿರ್ವಾಣ'ವನ್ನು ರಂಗಕ್ಕೆ ತಂದರು. ಆಧುನಿಕ ಮರಾಠಿ ರಂಗಭೂಮಿಯ ದಿಕ್ಕನ್ನು ಬದಲಿಸಿದ ಈ ಮೂವರ ಜೀವನೋಪಾಯ ನಾಟಕವಾಗಿರಲಿಲ್ಲ.

ಈ ಸಂಗತಿಗೆ ಇನ್ನೊಂದು ಮುಖವಿದೆ. ನಾಟಕದ ಸುತ್ತ ವಿವಾದ ಎದ್ದಾಗ ಸಂಸ್ಥೆಯೇ ಅದರ ಪ್ರಯೋಗಗಳನ್ನು ನಿಲ್ಲಿಸಿತು. ತಂಡದವರು ಹೊರಬಂದು 1973ರಲ್ಲಿ ಥಿಯೇಟರ್ ಅಕಾಡೆಮಿಯನ್ನು ಕಟ್ಟಿದರು, ನಾಟಕವನ್ನು ಮತ್ತೆ ರಂಗಕ್ಕೆ ತಂದರು, 1980ರಲ್ಲಿ ಅದನ್ನು ಯೂರೋಪಿಗೂ ಒಯ್ದರು. ಟಿಕೆಟಿನ ಹಣದಿಂದಲೇ ಮನೆಯ ದಿನಸಿ ಬರಬೇಕಾಗಿದ್ದರೆ, ಸಂಸ್ಥೆಯ ಅಧ್ಯಕ್ಷರ ಮುಂದೆ ಅವರು ಅಷ್ಟು ನೆಟ್ಟಗೆ ನಿಲ್ಲುವುದು ಕಷ್ಟವಾಗುತ್ತಿತ್ತೆಂದು ನನಗೆ ತೋರುತ್ತದೆ. ಸಂಬಳವು ಕಲೆಯನ್ನು ಕೊಲ್ಲುತ್ತದೆ ಎಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಇಲ್ಲಿ ಸಂಬಳವು ಕಲೆಗೆ ಬೆನ್ನೆಲುಬಾಯಿತು.

ಕನ್ನಡದಲ್ಲಿಯೂ ಇಂಥ ನಿದರ್ಶನಗಳಿಗೆ ಕೊರತೆಯಿಲ್ಲ. ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದ ದೊಡ್ಡ ಹುದ್ದೆಯಲ್ಲಿದ್ದ ಯಶವಂತ ಚಿತ್ತಾಲರಿಗೆ 1979ರ 'ಶಿಕಾರಿ'ಯ ವಸ್ತುವನ್ನು ಕೊಟ್ಟದ್ದೇ ಆ ಉದ್ಯೋಗ ಜಗತ್ತು. ನಮ್ಮವರೇ ಆದ ಶೇಡಬಾಳದ ಮಿರ್ಜಿ ಅಣ್ಣಾರಾಯರು ಶಾಲಾ ಮಾಸ್ತರಿಕೆ ಮಾಡುತ್ತಲೇ 'ನಿಸರ್ಗ'ದಂಥ ಕಾದಂಬರಿಯನ್ನು ಬರೆದು ಗಡಿಭಾಗದ ರೈತ ಬದುಕನ್ನು ಕನ್ನಡಕ್ಕೆ ತಂದರು. ಇವರನ್ನು 'ಅರೆಕಾಲಿಕ' ಲೇಖಕರೆಂದು ಯಾರೂ ಕರೆಯಲಾರರು.

ಹಾಗಾದರೆ ಕೆಲಸ ಬಿಡುವುದು ತಪ್ಪೇ? ಬಿಟ್ಟವರ ಕಡೆಗೂ ನೋಡೋಣ. ಡಾ. ಶ್ರೀರಾಮ್ ಲಾಗೂ ಕಿವಿ-ಮೂಗು-ಗಂಟಲಿನ ಶಸ್ತ್ರಚಿಕಿತ್ಸಕರು. 1969ರಲ್ಲಿ, 42ನೆಯ ವಯಸ್ಸಿನಲ್ಲಿ, ವೈದ್ಯವೃತ್ತಿಯನ್ನು ಬಿಟ್ಟು ಪೂರ್ಣಾವಧಿ ನಟರಾದರು. ಮರುವರ್ಷವೇ 'ನಟಸಮ್ರಾಟ್' ಬಂತು. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಲಾಗೂ ಅದಕ್ಕೂ ಮುನ್ನ ಹಲವು ವರ್ಷ ಹವ್ಯಾಸಿ ರಂಗಭೂಮಿಯಲ್ಲಿ ದುಡಿದು ತಮ್ಮ ಶಕ್ತಿಯನ್ನು ಪರೀಕ್ಷಿಸಿಕೊಂಡಿದ್ದರು. ಪುಣೆಯಲ್ಲಿಯೂ ಆಫ್ರಿಕದಲ್ಲಿಯೂ ವೈದ್ಯರಾಗಿ ಗಳಿಸಿದ್ದರು. ರಂಗಭೂಮಿ ಕೈಕೊಟ್ಟಿದ್ದರೆ ಮರಳಿ ಹೋಗಲು ಒಂದು ವೃತ್ತಿ ಕಾದಿತ್ತು.

ಗಿರೀಶ ಕಾರ್ನಾಡರದೂ ಇಂಥದೇ ಲೆಕ್ಕ. 1963ರಿಂದ 1970ರವರೆಗೆ ಅವರು ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಸಂಬಳದಾರರು. 'ತುಘಲಕ್' ಪ್ರಕಟವಾದದ್ದು ಆ ಅವಧಿಯಲ್ಲಿ, 1964ರಲ್ಲಿ. 1970ರಲ್ಲಿ ಅವರು ಕೆಲಸ ಬಿಟ್ಟರು. ಆಗ ಹೋಮಿ ಭಾಭಾ ಫೆಲೋಶಿಪ್ ಎರಡು ವರ್ಷಗಳ ಕಾಲ ಅವರ ಕೈ ಹಿಡಿಯಿತು. 'ಹಯವದನ' ಆ ವರ್ಷಗಳ ಫಲ. ಮುಂದೆ 1974-75ರಲ್ಲಿ ಅವರು ನಮ್ಮ ಕೋಥರೂಡಕ್ಕೆ ಹತ್ತಿರದ ಲಾ ಕಾಲೇಜ್ ರಸ್ತೆಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಕಾರ್ನಾಡರ ಪ್ರತಿಭೆಯನ್ನು ಇದು ಕಡಿಮೆ ಮಾಡುವುದಿಲ್ಲ. ಪ್ರತಿಭೆಯು ಕೆಲಸ ಬಿಟ್ಟ ಹೊತ್ತಿನಲ್ಲಿ ಎರಡು ವರ್ಷಗಳ ನಷ್ಟವನ್ನು ಹೊರಲು ಒಂದು ಸಂಸ್ಥೆ ಮುಂದೆ ಬಂದಿತ್ತು ಎಂಬುದಷ್ಟೇ ನನ್ನ ವಾದ.

ಆ ಚಲನಚಿತ್ರ ಸಂಸ್ಥೆ ನಿಂತಿರುವ ನೆಲಕ್ಕೂ ಇದೇ ಬಗೆಯ ಚರಿತ್ರೆಯಿದೆ. 1960ರಲ್ಲಿ ಸಂಸ್ಥೆ ಪ್ರಾರಂಭವಾಗುವ ಮುನ್ನ ಅದು ಪ್ರಭಾತ್ ಫಿಲ್ಮ್ ಕಂಪನಿಯ ಸ್ಟುಡಿಯೋ. ಪ್ರಭಾತದ ಸ್ಥಾಪಕರಲ್ಲಿ ಒಬ್ಬರಾದ ವಿ. ಶಾಂತಾರಾಮರು 1901ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದವರು. ಅವರ ತಂದೆಯವರದು ಜೈನ ಮನೆತನ. ಹುಡುಗನಾಗಿದ್ದಾಗ ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದರು, ಸಂಜೆ ಅದೇ ಊರಿನ ಚಿತ್ರಮಂದಿರದಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಚಿತ್ರಗಳನ್ನು ನೋಡಿದರು. ಅನಂತರ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರರ ಕಂಪನಿಯಲ್ಲಿ ಕಸುಬು ಕಲಿತರು. 1929ರಲ್ಲಿ ಪ್ರಭಾತ್ ಸ್ಥಾಪನೆಯಾದಾಗ ಪಾಲುದಾರರು ಐವರು: ಶಾಂತಾರಾಮ್, ವಿಷ್ಣುಪಂತ ದಾಮ್ಲೆ, ಶೇಖ್ ಫತ್ತೇಲಾಲ್, ಕೇಶವರಾವ್ ಧಾಯಬರ್ ಮತ್ತು ಸೀತಾರಾಮಪಂತ ಕುಲಕರ್ಣಿ. ಮೊದಲಿನ ನಾಲ್ವರು ಕಸುಬುದಾರರು. ಕುಲಕರ್ಣಿಯವರು ಬಂಡವಾಳ ಹಾಕಿದವರು. 1933ರಲ್ಲಿ ಕಂಪನಿ ಪುಣೆಗೆ ಬಂತು. 1936ರ 'ಸಂತ ತುಕಾರಾಮ್' ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು.

ಈ ಐವರಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವರು ಐದನೆಯವರು. ಚಿತ್ರರಸಿಕರಿಗೆ ಶಾಂತಾರಾಮರ ಹೆಸರು ಗೊತ್ತು, ದಾಮ್ಲೆ-ಫತ್ತೇಲಾಲರ ಹೆಸರೂ ಗೊತ್ತು. ಕುಲಕರ್ಣಿಯವರ ಹೆಸರನ್ನು ನೆನೆಯುವವರು ಕಡಿಮೆ. ಆದರೆ ಕ್ಯಾಮೆರಾ, ಬಟ್ಟೆ, ಮರಮುಟ್ಟು, ನಟರ ಊಟ ಇವೆಲ್ಲಕ್ಕೆ ಹಣವಿಲ್ಲದೆ ನಾಲ್ವರು ಕಸುಬುದಾರರ ಕೌಶಲ ಎಲ್ಲಿಗೆ ಮುಟ್ಟುತ್ತಿತ್ತು? ನಮ್ಮ ಸಮಾಜದಲ್ಲಿ ಈ ಐದನೆಯ ಪಾಲುದಾರರಾಗಬಲ್ಲ ಶಕ್ತಿಯುಳ್ಳವರು ನೂರಾರು ಮಂದಿ ಇದ್ದಾರೆ. ಅವರು ಹೊಟೇಲಿಗೆ, ಜಾಗಕ್ಕೆ, ಷೇರಿಗೆ ಹಣ ಹಾಕುವಾಗ ನಷ್ಟದ ಸಾಧ್ಯತೆಯನ್ನು ಶಾಂತಚಿತ್ತದಿಂದ ಒಪ್ಪುತ್ತಾರೆ. ಮನೆಯ ಹುಡುಗಿ ಚಿತ್ರ ಮಾಡುತ್ತೇನೆ ಎಂದಾಗ ಮಾತ್ರ ನಷ್ಟವೆಂಬುದು ಕುಲಕ್ಕೆ ಕಳಂಕವಾಗಿಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಲೆಯ ದಾರಿ ಹಿಡಿದವರ ಕಥೆಗಳನ್ನು ನಾವು ಗೆದ್ದವರಿಂದ ಕೇಳುತ್ತೇವೆ. ಗದುಗಿನ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನರಸಿ ಮನೆ ಬಿಟ್ಟರು; ಪುಣೆಯನ್ನು ತಮ್ಮದಾಗಿಸಿಕೊಂಡು 1953ರಿಂದ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ ಮಹೋತ್ಸವವನ್ನು ಬೆಳೆಸಿದರು; 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಆದರೆ ಹಾಗೆಯೇ ಮನೆ ಬಿಟ್ಟು ಯಾವ ಗುರುವೂ ಸಿಗದೆ ಹೋದ ಹುಡುಗರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಮುಚ್ಚಿಹೋದ ಕಂಪನಿಗಳು ಷೇರು ಸೂಚ್ಯಂಕದಲ್ಲಿ ಕಾಣಿಸದಂತೆಯೇ ಇದು. ಬೇಂದ್ರೆಯವರು 'ನರಬಲಿ' ಕವಿತೆಗಾಗಿ ಸೆರೆಗೆ ಹೋದ ಮೇಲೆ, 1944ರಲ್ಲಿ ಸೊಲ್ಲಾಪುರದ ಕಾಲೇಜಿನ ಕೆಲಸ ದೊರೆಯುವವರೆಗೆ ಸ್ಥಿರವಾದ ಸಂಬಳವಿಲ್ಲದೆ ಕಳೆದ ವರ್ಷಗಳನ್ನು ನಾವು ಕವಿಯ ತಪಸ್ಸೆಂದು ವರ್ಣಿಸುತ್ತೇವೆ. ಆ ವರ್ಷಗಳಲ್ಲಿ ಮನೆಯ ಒಲೆ ಹೊತ್ತಿಸಬೇಕಾಗಿದ್ದವರ ಕಡೆಯಿಂದ ನೋಡಿದರೆ ಆ ಪದ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಬಡತನವನ್ನು ಕಲೆಯ ಅಲಂಕಾರವೆಂದು ಹೊಗಳುವ ಅಭ್ಯಾಸವನ್ನು ನಾವು ಬಿಡಬೇಕು.

ಇನ್ನು ಸಂಬಳದ ಕಡೆಗೆ. 'ಕೆಲಸದಲ್ಲಿದ್ದುಕೊಂಡೇ ಬರೆಯಲಿ, ಹಾಡಲಿ, ಯಾರು ಬೇಡವೆಂದರು?' ಎಂದು ಹಿರಿಯರು ಕೇಳುತ್ತಾರೆ. ಮೇಲಿನ ಉದಾಹರಣೆಗಳು ಅವರ ಪರವಾಗಿಯೇ ಇವೆಯೆಂದು ತೋರಬಹುದು. ಆದರೆ 1970ರ ದಶಕದ ಸಂಬಳವೂ ಇಂದಿನ ಸಂಬಳವೂ ಒಂದೇ ಅಲ್ಲ. ಅಂದಿನ ಸರ್ಕಾರಿ ಕಾಲೇಜಿನ ನೌಕರನಿಗೆ ಸಂಜೆ ಎಂಬುದೊಂದಿತ್ತು. ಸೈಕಲ್ಲಿನಲ್ಲಿ ತಾಲೀಮಿನ ಜಾಗಕ್ಕೆ ಹೋಗಬಹುದಾಗಿತ್ತು. ಇಂದು ಕೋಥರೂಡದಿಂದ ಹಿಂಜವಡಿಗೆ ಹೋಗಿಬರುವುದರಲ್ಲಿಯೇ ದಿನದ ಎರಡು-ಮೂರು ಗಂಟೆಗಳು ಕರಗುತ್ತವೆ. ರಾತ್ರಿ ಅಮೆರಿಕದ ಕಕ್ಷಿದಾರರೊಡನೆ ಕರೆಗಳು. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈಯಲ್ಲಿ ಕರ್ನಾಟಕದ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾವ ಸರ್ಕಾರದ ಮುಂದಿದೆಯೆಂಬ ಸುದ್ದಿ ಬಂದು ನೌಕರರ ಸಂಘಟನೆ ಅದನ್ನು ಪ್ರತಿಭಟಿಸಬೇಕಾಯಿತು. ಇದರ ಮೇಲೆ, ಹಲವು ನೇಮಕಾತಿ ಪತ್ರಗಳಲ್ಲಿ ಬೇರೆ ಕಡೆ ಸಂಭಾವನೆ ಪಡೆಯುವುದನ್ನು ನಿಷೇಧಿಸುವ ಷರತ್ತಿರುತ್ತದೆ. ಕೆಲವು ಪತ್ರಗಳಲ್ಲಿ ನೌಕರನು ಸೃಷ್ಟಿಸಿದುದೆಲ್ಲದರ ಮೇಲೆ ಕಂಪನಿಗೆ ಹಕ್ಕಿದೆ ಎಂಬ ಧಾಟಿಯ ಮಾತೂ ಸೇರಿರುತ್ತದೆ.

ಆದ್ದರಿಂದ ದುಡಿಮೆಯ ಅವಧಿಯ ಪ್ರಶ್ನೆ ಕಾರ್ಮಿಕ ಸಂಘಗಳ ಪ್ರಶ್ನೆ ಮಾತ್ರವಲ್ಲ, ಸಂಸ್ಕೃತಿಯ ಪ್ರಶ್ನೆಯೂ ಹೌದು. ಎಂಟು ಗಂಟೆಯ ದುಡಿಮೆಯನ್ನು ರಕ್ಷಿಸದ ರಾಜಕಾರಣವು ಇನ್ನೊಬ್ಬ ಆಳೇಕರರನ್ನೂ ಇನ್ನೊಬ್ಬ ಚಿತ್ತಾಲರನ್ನೂ ಕೊಡಲಾರದು. ಸಮಾಜದ ಹಿರಿಯರು ಉದ್ಯಮಪತಿಗಳ ಮಾತಿಗೆ ಸಭೆಗಳಲ್ಲಿ ಚಪ್ಪಾಳೆ ತಟ್ಟುವ ಮುನ್ನ, ತಮ್ಮ ಮಕ್ಕಳ ಸಂಜೆಗಳಿಗೆ ಏನಾಯಿತು ಎಂಬುದನ್ನು ಒಮ್ಮೆ ಯೋಚಿಸಲಿ.

ಇಷ್ಟು ಹೇಳಿದ ಮೇಲೆ, ನನ್ನ ಮೇಜಿನ ಮುಂದೆ ಕುಳಿತ ಯುವಕ-ಯುವತಿಯರಿಗೆ ನಾನು ಹೇಳುವ ಲೆಕ್ಕವನ್ನು ಇಲ್ಲಿಯೂ ಬರೆಯುತ್ತೇನೆ. ಮೊದಲನೆಯದಾಗಿ, ತಿಂಗಳ ಕನಿಷ್ಠ ವೆಚ್ಚವನ್ನು ಆರು ತಿಂಗಳು ಪ್ರಾಮಾಣಿಕವಾಗಿ ಬರೆದಿಡಿ. ಅದು 40,000 ರೂಪಾಯಿ ಎಂದಿಟ್ಟುಕೊಂಡರೆ ಎರಡು ವರ್ಷಕ್ಕೆ 9.6 ಲಕ್ಷವಾಗುತ್ತದೆ. ಆ ಮೊತ್ತ ಕೈಯಲ್ಲಿಲ್ಲದೆ, ಅದನ್ನು ಕೊಡುವ ವೇತನವೋ ಕುಟುಂಬವೋ ಇಲ್ಲದೆ ಹೊರಡಬೇಡಿ. ಎರಡನೆಯದಾಗಿ, ಸಂಬಳದ ಚೀಟಿಯಲ್ಲಿ ಕಾಣದ ಸಂಬಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೂರ್ಣ ಮೂಲ ವೇತನದ ಮೇಲೆ ಭವಿಷ್ಯ ನಿಧಿ ಕಟ್ಟುವ ಕಡೆ, ಮೂಲ ವೇತನ 40,000 ಇದ್ದರೆ, ನಿಮ್ಮ ಪಾಲು 12 ಪ್ರತಿಶತದಂತೆ 4,800 ರೂಪಾಯಿಗೆ ಉದ್ಯೋಗದಾತನ 4,800 ಸೇರುತ್ತದೆ. ಕೆಲಸ ಬಿಟ್ಟ ದಿನ ಅದು ನಿಲ್ಲುತ್ತದೆ. ಕಂಪನಿಯ ಗುಂಪು ಆರೋಗ್ಯ ವಿಮೆಯೂ ನಿಲ್ಲುತ್ತದೆ. ತಂದೆತಾಯಿಗಳ ಹೆಸರು ಅದರಲ್ಲಿದ್ದರೆ ಅವರ ರಕ್ಷಣೆಯೂ ಹೋಗುತ್ತದೆ. ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿಕೊಳ್ಳಿ, ಏಕೆಂದರೆ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ಸೇವೆ ಬೇಕು. ಅದು ತುಂಬುವ ಹೊತ್ತಿಗೆ ಕೆಲವೇ ತಿಂಗಳಿದ್ದರೆ ತಾಳಿಕೊಳ್ಳಿ.

ಮೂರನೆಯದಾಗಿ, ಕಲೆಯ ಆದಾಯಕ್ಕೂ ಲೆಕ್ಕಪುಸ್ತಕ ಬೇಕು. ವೃತ್ತಿ ಶುಲ್ಕದಲ್ಲಿ ಸಾಮಾನ್ಯವಾಗಿ 10 ಪ್ರತಿಶತ ತೆರಿಗೆ ಮೂಲದಲ್ಲಿಯೇ ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸದ ಕಲಾವಿದರು ತಮಗೆ ಬರಬೇಕಾದ ಮರುಪಾವತಿಯನ್ನು ಸರ್ಕಾರಕ್ಕೆ ಬಿಟ್ಟುಕೊಡುತ್ತಿದ್ದಾರೆ. ಚಲನಚಿತ್ರ ಕಲಾವಿದರೆಂಬ ವರ್ಗದಲ್ಲಿ ನಟ, ನಿರ್ದೇಶಕ, ಸಂಕಲನಕಾರ, ಗಾಯಕ, ಗೀತರಚನಕಾರ, ಚಿತ್ರಕಥೆ-ಸಂಭಾಷಣೆ ಬರೆಯುವವರು ಎಲ್ಲರೂ ಸೇರುತ್ತಾರೆ. ನಿಗದಿತ ಮಿತಿಯೊಳಗಿನ ಸ್ವೀಕೃತಿಯಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟುವ ಸರಳ ಪದ್ಧತಿ ಅವರಿಗೆ ಲಭ್ಯವಿದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿಯಿಂದ ಚಿತ್ರಗೀತೆಗಳ ಸಾಹಿತ್ಯ-ಸಂಗೀತ ರಚಿಸಿದವರಿಗೆ ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ಗೌರವಧನದಲ್ಲಿ ಪಾಲಿದೆ. ಅದನ್ನು ಒಪ್ಪಂದದಲ್ಲಿ ಪೂರ್ತಿಯಾಗಿ ನಿರ್ಮಾಪಕನಿಗೆ ಬರೆದುಕೊಡಲು ಬರುವುದಿಲ್ಲ. ಸಹಿ ಹಾಕುವ ಮುನ್ನ ಓದುವುದು ಕಲೆಗೆ ಅವಮಾನವಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ನಿಮಗೆ ಎಷ್ಟು ಸಾಕು ಎಂಬುದನ್ನು ಮೊದಲೇ ನಿರ್ಧರಿಸಿ. ಗೃಹಸ್ಥನು ತನ್ನ ಸಂಪತ್ತಿಗೆ ತಾನೇ ಮಿತಿ ಹಾಕಿಕೊಳ್ಳಬೇಕೆಂಬ ಪರಿಗ್ರಹ ಪರಿಮಾಣದ ವಿಚಾರ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಅದನ್ನು ನಿಜವಾಗಿ ಅಂಕಿಯಲ್ಲಿ ಬರೆದವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. 'ತಿಂಗಳಿಗೆ 60,000 ಬಂದರೆ ನನಗೆ ಸಾಕು' ಎಂದು ಕಾಗದದ ಮೇಲೆ ಬರೆಯಬಲ್ಲ ವ್ಯಕ್ತಿಗೆ ಈ ಆಯ್ಕೆ ಅರ್ಧ ಸುಲಭವಾಗುತ್ತದೆ. ಬರೆಯಲಾರದವನಿಗೆ ಎಷ್ಟು ಸಂಬಳ ಬಂದರೂ ಬಿಡುವ ದಿನ ಬರುವುದಿಲ್ಲ.

ಈಗ ಸಮಾಜದ ಮಾತು. 'ನಾವು ವ್ಯಾಪಾರದ ಜನ, ಕಲೆ ನಮಗೆ ಒಗ್ಗದು' ಎಂಬ ಮಾತನ್ನು ನಮ್ಮವರೇ ಹೇಳುವುದನ್ನು ಕೇಳಿದಾಗ ಆಶ್ಚರ್ಯವಾಗುತ್ತದೆ. ಆದಿನಾಥನು ಜನರಿಗೆ ಕಲಿಸಿದನೆಂದು ಪುರಾಣ ಹೇಳುವ ಜೀವನೋಪಾಯಗಳು ಆರು: ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ. ವಾಣಿಜ್ಯಕ್ಕೆ ಇರುವ ಸ್ಥಾನವೇ ಶಿಲ್ಪಕ್ಕೂ ಇದೆ, ಬರವಣಿಗೆಗೂ ಇದೆ. ಕನ್ನಡ ಸಾಹಿತ್ಯದ ಮೊದಲ ಶತಮಾನಗಳನ್ನು ಕಟ್ಟಿದವರು ನಮ್ಮ ಕವಿಗಳೆಂದು ಸಭೆಗಳಲ್ಲಿ ಹೆಮ್ಮೆ ಪಡುತ್ತೇವೆ. ಆ ಕವಿಗಳು ಹೇಗೆ ಬದುಕಿದರು ಎಂಬುದನ್ನು ಮಾತ್ರ ಕೇಳುವುದಿಲ್ಲ.

ರನ್ನನು ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ. ಬಳೆಯ ವ್ಯಾಪಾರ ನಿಶ್ಚಿತವಾದ ಅನ್ನ. ಅದನ್ನು ಬಿಟ್ಟು ವಿದ್ಯೆಯನ್ನರಸಿ ಹೊರಟ ಹುಡುಗನಿಗೆ ಗಂಗರ ಮಂತ್ರಿ ಚಾವುಂಡರಾಯನ ಆಶ್ರಯ ದೊರೆಯಿತು. 993ರಲ್ಲಿ 'ಅಜಿತಪುರಾಣ' ಮುಗಿದದ್ದು ಅತ್ತಿಮಬ್ಬೆಯ ಪೋಷಣೆಯಲ್ಲಿ. ಅದೇ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ಓಲೆಗರಿ ಪ್ರತಿಗಳೆಂದರೆ ಎಷ್ಟು ಮಂದಿ ಲಿಪಿಕಾರರಿಗೆ ಎಷ್ಟು ತಿಂಗಳ ಕೂಲಿ ಎಂಬುದನ್ನು ಯೋಚಿಸಿ ನೋಡಿ. ಪಂಪನಿಗೆ ಅರಿಕೇಸರಿ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿ ಕುರಿಕ್ಯಾಲದ ಶಾಸನದಲ್ಲಿದೆ. ಚಾವುಂಡರಾಯನಂತೂ ಮಂತ್ರಿಯೂ ಸೇನಾಪತಿಯೂ ಆಗಿದ್ದುಕೊಂಡು 978ರಲ್ಲಿ ತನ್ನ ಹೆಸರಿನ ಗದ್ಯಪುರಾಣವನ್ನು ಬರೆದ. ಕೆಲಸದಲ್ಲಿದ್ದು ಬರೆದವನು, ಕೆಲಸ ಬಿಟ್ಟು ಬಂದವನಿಗೆ ಆಸರೆಯಾದವನು, ಎರಡೂ ಅವನೇ.

ನಮ್ಮಲ್ಲಿ ದಾನಕ್ಕೆ ಕೊರತೆಯಿಲ್ಲ. ಪಂಚಕಲ್ಯಾಣ, ಚಾತುರ್ಮಾಸ, ಅಭಿಷೇಕದ ಸವಾಲುಗಳಲ್ಲಿ ಒಂದು ಸಂಜೆಗೆ ಕೂಡುವ ಹಣವನ್ನು ನಾವೆಲ್ಲ ಕಂಡಿದ್ದೇವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವನ್ನು ಇಂದು ಪುಸ್ತಕದ ಮುದ್ರಣಕ್ಕೆ ಇಳಿಸಿದ್ದೇವೆ, ಅದೂ ಮುಖಪುಟದ ಒಳಗೆ ದಾನಿಗಳ ಭಾವಚಿತ್ರದೊಡನೆ. ಅಭಯವನ್ನಂತೂ ಪ್ರಾಣಿದಯೆಗೆ ಮೀಸಲಿಟ್ಟಿದ್ದೇವೆ. ಇಪ್ಪತ್ತೈದರ ಹರೆಯದ ಲೇಖಕಿಗೆ ಎರಡು ವರ್ಷಗಳ ಬಾಡಿಗೆಯ ಮತ್ತು ಆಸ್ಪತ್ರೆಯ ಭಯವನ್ನು ನೀಗಿಸುವುದಕ್ಕೆ ಅಭಯವೆನ್ನದೆ ಬೇರೆ ಏನೆನ್ನಬೇಕು?

ಲೆಕ್ಕ ದೊಡ್ಡದಲ್ಲ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಜೈನರು ಸುಮಾರು 14 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಅಷ್ಟೆಲ್ಲ ಬೇಡ, ಒಂದು ನಗರದ 200 ಕುಟುಂಬಗಳು ತಿಂಗಳಿಗೆ 500 ರೂಪಾಯಿ ಕೂಡಿಸಿದರೆ ವರ್ಷಕ್ಕೆ 12 ಲಕ್ಷವಾಗುತ್ತದೆ. ಇಬ್ಬರಿಗೆ ತಿಂಗಳಿಗೆ 30,000ದಂತೆ ವೇತನ ಕೊಟ್ಟರೆ 7.2 ಲಕ್ಷ. ಉಳಿದ 4.8 ಲಕ್ಷದಲ್ಲಿ ಹತ್ತಾರು ಕಲಾವಿದರಿಗೆ ಆರೋಗ್ಯ ವಿಮೆ ಮಾಡಿಸಬಹುದು. ಎರಡು ವರ್ಷದ ನಂತರ ಬೇರೆ ಇಬ್ಬರು. ಆಯ್ಕೆಯನ್ನು ಆ ಕಲೆ ಬಲ್ಲ ಹೊರಗಿನವರು ಮಾಡಲಿ, ವಿಶ್ವಸ್ತರ ಅಳಿಯಂದಿರು ಅರ್ಜಿ ಹಾಕದಿರಲಿ.

ಇಲ್ಲಿ ಕಾನೂನಿನ ಒಂದು ಅಂಶವನ್ನು ಸಂಘಗಳ ಪದಾಧಿಕಾರಿಗಳು ಗಮನಿಸಬೇಕು. ಒಂದು ನಿರ್ದಿಷ್ಟ ಧರ್ಮದ ಸಮುದಾಯಕ್ಕೆ ಮಾತ್ರ ಉಪಯೋಗವಾಗುವಂತೆ ಸ್ಥಾಪಿಸಿದ ಧರ್ಮಾರ್ಥ ಟ್ರಸ್ಟಿಗೆ ಆದಾಯ ತೆರಿಗೆಯ ವಿನಾಯಿತಿ ತಪ್ಪುವ ಸಾಧ್ಯತೆಯಿದೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಸಂಸ್ಥೆಯು ಧಾರ್ಮಿಕ ಕಾರ್ಯಗಳಿಗೆ ತನ್ನ ಆದಾಯದ 5 ಪ್ರತಿಶತವನ್ನಷ್ಟೇ ವೆಚ್ಚ ಮಾಡಬಹುದು. ಆದ್ದರಿಂದ ಇಂಥ ನಿಧಿಯು ಕನ್ನಡದಲ್ಲಿ ಕೆಲಸ ಮಾಡುವ ಯಾವುದೇ ಜಾತಿಧರ್ಮದ ಯುವಕರಿಗೆ ತೆರೆದಿರಬೇಕು. ಕಾನೂನು ಹೇಳುತ್ತದೆಂದಷ್ಟೇ ಅಲ್ಲ, ಇದು ಸರಿಯಾದದ್ದೂ ಹೌದು. ಪ್ರಭಾತದ ಪಾಲುದಾರರ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ.

ಸರ್ಕಾರದ ಹೊಣೆಯನ್ನೂ ಬಿಡಲಾಗದು. ನಮ್ಮ ಸರ್ಕಾರಗಳು ಕಲಾವಿದನನ್ನು ಗುರುತಿಸುವುದು ಹೆಚ್ಚಾಗಿ ಅವನು ಮುದುಕನಾದ ಮೇಲೆ: ಸಂಕಷ್ಟದಲ್ಲಿರುವ ವೃದ್ಧ ಕಲಾವಿದರಿಗೆ ಮಾಸಾಶನ, ಹಿರಿಯರಿಗೆ ಪ್ರಶಸ್ತಿ. ಅದು ಬೇಕು, ಆದರೆ ಸಹಾಯ ನಿರ್ಣಾಯಕವಾಗುವುದು ಇಪ್ಪತ್ತೈದರಿಂದ ಮೂವತ್ತೈದರ ನಡುವೆ. ಐರ್ಲೆಂಡ್ ದೇಶವು 2022ರಲ್ಲಿ 2,000 ಕಲಾವಿದರಿಗೆ ವಾರಕ್ಕೆ 325 ಯೂರೋಗಳಂತೆ ಮೂರು ವರ್ಷ ಮೂಲ ಆದಾಯ ಕೊಡುವ ಪ್ರಯೋಗ ಮಾಡಿತು. ಫ್ರಾನ್ಸಿನಲ್ಲಿ ವರ್ಷಕ್ಕೆ 507 ಗಂಟೆ ದುಡಿದ ರಂಗ-ಚಿತ್ರ ಕಲಾವಿದರು ಕೆಲಸವಿಲ್ಲದ ತಿಂಗಳುಗಳಲ್ಲಿ ಭತ್ಯೆ ಪಡೆಯುತ್ತಾರೆ. ನಮ್ಮ ಖಜಾನೆಗೆ ಅಷ್ಟು ಶಕ್ತಿಯಿಲ್ಲವೆಂದರೂ, ಸ್ವತಂತ್ರವಾಗಿ ದುಡಿಯುವ ಕಲಾವಿದನು ತಾನೇ ಕಂತು ಕಟ್ಟಿ ಭವಿಷ್ಯ ನಿಧಿ ಮತ್ತು ವಿಮೆಯಲ್ಲಿ ಮುಂದುವರಿಯಲು, ಸರ್ಕಾರವು ಅದಕ್ಕೆ ಸಣ್ಣ ಪಾಲು ಸೇರಿಸಲು ಏನು ಅಡ್ಡಿ? ಮತ ಕೇಳಲು ನಮ್ಮ ಬಸದಿಗಳಿಗೆ ಬರುವವರ ಮುಂದೆ ಈ ಬೇಡಿಕೆಯನ್ನು ಇದುವರೆಗೆ ಯಾರಾದರೂ ಇಟ್ಟಿದ್ದಾರೆಯೇ?

ಕೊನೆಯದಾಗಿ ಹೆಣ್ಣುಮಕ್ಕಳ ಬಗ್ಗೆ. ಮಗ ಕೆಲಸ ಬಿಟ್ಟರೆ 'ಎರಡು ವರ್ಷ ನೋಡೋಣ' ಎನ್ನುವ ಮನೆಗಳು ಮಗಳು ಬಿಟ್ಟರೆ 'ಹಾಗಾದರೆ ಮದುವೆ ಮಾಡಿಬಿಡೋಣ' ಎನ್ನುತ್ತವೆ. ಆಕೆಯ ಸಂಬಳವು ಆಕೆಯ ಮದುವೆಯನ್ನು ಮುಂದೂಡುವ ಏಕೈಕ ಅಸ್ತ್ರವಾಗಿರುವಾಗ, ಅದನ್ನು ಬಿಡುವುದೆಂದರೆ ಆದಾಯದೊಡನೆ ಸ್ವಾತಂತ್ರ್ಯವನ್ನೂ ಒತ್ತೆಯಿಟ್ಟಂತೆ. ಆದ್ದರಿಂದ ಕೆಲಸ ಬಿಡಬೇಡವೆಂದು ನಾನು ಹೆಚ್ಚು ಸಲ ಹೇಳಿರುವುದು ಹೆಣ್ಣುಮಕ್ಕಳಿಗೇ. ಹಾಗೆ ಹೇಳುವಾಗಲೆಲ್ಲ, ತಪ್ಪು ಆಕೆಯ ಲೆಕ್ಕದಲ್ಲಿಲ್ಲ, ಆಕೆಗೆ ದೊರೆತ ಮನೆ-ಸಮಾಜಗಳ ಲೆಕ್ಕದಲ್ಲಿದೆ ಎಂಬುದು ನನಗೆ ಗೊತ್ತಿರುತ್ತದೆ.

ಹೀಗಾಗಿ ಸಂಬಳವೋ ಕಲೆಯೋ ಎಂದು ಕೇಳುವ ತಂದೆಯಂದಿರಿಗೆ ನನ್ನ ಮರುಪ್ರಶ್ನೆ ಇಷ್ಟೆ: ಎರಡು ವರ್ಷ, ಒಂದು ಆರೋಗ್ಯ ವಿಮೆ, ಸೋತು ಬಂದರೆ ಮಾತಿನ ಮೊನೆಯಿಂದ ಚುಚ್ಚದೆ ಬಾಗಿಲು ತೆರೆಯುವ ಒಂದು ಮನೆ, ಇವನ್ನು ನೀವು ಕೊಡಬಲ್ಲಿರಾ? ಕೊಡಬಲ್ಲಿರಾದರೆ ಮಗಳು ಹೊರಡಲಿ. ಕೊಡಲಾರಿರಾದರೆ ಕೊಡಬಲ್ಲ ಸಂಘವನ್ನು ನಾವೆಲ್ಲ ಸೇರಿ ಕಟ್ಟೋಣ. ಪುಣೆ, ಮುಂಬಯಿ, ಸೂರತ್, ದುಬೈ ಎಲ್ಲೇ ಇರಲಿ, ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ನಿಧಿಯ ವಿಷಯವನ್ನು ಸೇರಿಸುವಂತೆ ಸದಸ್ಯರೊಬ್ಬರು ಲಿಖಿತವಾಗಿ ಕೇಳಿದರೆ ಕೆಲಸ ಪ್ರಾರಂಭವಾಗುತ್ತದೆ. ಟ್ರಸ್ಟಿನ ಪತ್ರ ಬರೆದುಕೊಡಲು ಪ್ರತಿ ಊರಿನಲ್ಲಿಯೂ ನಮ್ಮವನೊಬ್ಬ ಲೆಕ್ಕಪರಿಶೋಧಕ ಸಿಕ್ಕೇ ಸಿಗುತ್ತಾನೆ. ನಾವು ಅಷ್ಟು ಮಂದಿ ಇದ್ದೇವೆ.